ಎಡಗೈಗೆ ಅಕ್ಷರಾಭ್ಯಾಸ

ಸೆಕೆಂಡ್ ಇಯರ್ ಬಂತು ಅಂದ್ರೆ ನಮ್ಮಲ್ಲಿ ಸುಮಾರು ಜನಕ್ಕೆ ಹಳೇ ಹವ್ಯಾಸಗಳು ನೆನಪಾಗೋಕೆ ಶುರುವಾಗತ್ತೆ. ಫಸ್ಟ್ ಇಯರಿನ ಗಾಬರಿ ಇಳಿದಿರತ್ತೆ, ಪ್ಲೇಸ್‌ಮೆಂಟಿನ ಗಾಬರಿ ಇನ್ನೂ ಹತ್ತಿರಲ್ಲ. ಆ ನಡುವಿನ ಗ್ಯಾಪಲ್ಲಿ, ಹತ್ತನೇ ಕ್ಲಾಸಿಗೆ ಬಿಟ್ಟಿದ್ದೆಲ್ಲ ಒಂದೊಂದಾಗಿ ಬಂದು ಬಾಗಿಲು ತಟ್ಟತ್ತೆ. ಒಬ್ಬನಿಗೆ ಚೆಸ್ಸು, ಒಬ್ಬಳಿಗೆ ಭರತನಾಟ್ಯ, ನಮ್ಮಂಥ ಕೆಲವರಿಗೆ ಕೀಬೋರ್ಡು. ಬೋರ್ಡ್ ಎಕ್ಸಾಮು, ಪಿಯುಸಿ, ಸಿಇಟಿ ಅಂತ ಹಳೇ ಬೆಡ್‌ಶೀಟ್ ಸುತ್ತಿ ಅಟ್ಟಕ್ಕೆ ಹಾಕಿದ್ದ 61 ಕೀಗಳ ಕೀಬೋರ್ಡು ಯಾವುದೋ ರಜೆಯಲ್ಲಿ ಕೆಳಗಿಳಿದು, ಬಸ್ಸಿನ ಡಿಕ್ಕಿಯಲ್ಲಿ ಮಲಗಿ ಹಾಸ್ಟೆಲಿಗೆ ಬರತ್ತೆ.

ಈ ಸಲ ಆಸೆ ಸ್ವಲ್ಪ ದೊಡ್ಡದು. ಬರೀ ಫಿಲ್ಮ್ ಹಾಡಿನ ಟ್ಯೂನ್ ಒತ್ತೋದಲ್ಲ, ಸರಿಯಾಗಿ ಪಿಯಾನೋ ಕಲೀಬೇಕು. ಕ್ಲಾಸಿಗೆ ಹೋಗೋಕೆ ಟೈಮೂ ಇಲ್ಲ, ದುಡ್ಡೂ ಇಲ್ಲ. ಹಾಗಾಗಿ ನಮಗೆ ನಾವೇ ಮೇಷ್ಟ್ರು. ಅಲ್ಲಿಗೆ ಮೊದಲ ಪ್ರಶ್ನೆ ಎದುರಾಗತ್ತೆ: ಯಾವ ಪುಸ್ತಕದಿಂದ ಶುರು ಮಾಡೋದು?

ಯಾರನ್ನ ಕೇಳಿದ್ರೂ ಬರೋ ಸಲಹೆ ಒಂದೇ. "ಎಲ್ಲಿ ಬಿಟ್ಟಿದ್ದೀಯೋ ಅಲ್ಲಿಂದ ಮುಂದಿನ ಗ್ರೇಡಿನ ಪುಸ್ತಕ ತಗೋ." ಥರ್ಡ್ ಗ್ರೇಡ್ ಆಗಿದ್ರೆ ಫೋರ್ತ್. ಕೇಳೋಕೆ ಲಾಜಿಕಲ್ ಆಗೇ ಇದೆ. ಆದರೆ ಈ ಸಲಹೆ ನಮ್ಮಂಥವರಿಗೆ ಹೊಂದಲ್ಲ ಅನ್ನೋದು ನಮ್ಮ ವಾದ. ಪುಸ್ತಕವನ್ನ ಬೆರಳಿನ ಲೆವೆಲ್ ನೋಡಿ ಆರಿಸಬಾರದು. ಕಣ್ಣಿನ ಲೆವೆಲ್ ನೋಡಿ ಆರಿಸಬೇಕು. ಅದರಲ್ಲೂ ಎಡಗೈಯ ಸಾಲನ್ನ ಓದೋ ಕಣ್ಣಿನ ಲೆವೆಲ್ ನೋಡಿ.

ಬಲಗೈ ಥರ್ಡ್ ಗ್ರೇಡು, ಎಡಗೈ ಎಲ್‌ಕೆಜಿ

ನಮ್ಮಲ್ಲಿ ಬಹಳ ಜನ ಕಲಿತದ್ದು ಪಿಯಾನೋ ಅಲ್ಲ, ಎಲೆಕ್ಟ್ರಾನಿಕ್ ಕೀಬೋರ್ಡ್. ಎರಡೂ ನೋಡೋಕೆ ಅಣ್ಣತಮ್ಮಂದಿರ ಹಾಗಿವೆ, ಆದರೆ ಪುಸ್ತಕ ತೆರೆದರೆ ವ್ಯತ್ಯಾಸ ಗೊತ್ತಾಗತ್ತೆ. ಕೀಬೋರ್ಡಿನ ಪುಸ್ತಕದಲ್ಲಿ ಸಾಮಾನ್ಯವಾಗಿ ಬಲಗೈಗೆ ಮಾತ್ರ ಐದು ಗೆರೆಯ ಮೇಲೆ ಸ್ವರ ಬರೆದಿರತ್ತೆ. ಎಡಗೈಗೆ ಗೆರೆಯೂ ಇಲ್ಲ, ಚುಕ್ಕಿಯೂ ಇಲ್ಲ. ಮೇಲುಗಡೆ 'ಸಿ', 'ಎ ಮೈನರ್', 'ಜಿ ಸೆವೆನ್' ಅಂತ ಕಾರ್ಡಿನ ಹೆಸರು ಇರತ್ತೆ. ನಾವು ಎಡಗೈಯಲ್ಲಿ ಆ ಕಾರ್ಡ್ ಒತ್ತಿ ಹಿಡಿದರೆ ಸಾಕು, ಡ್ರಮ್ಸು, ಬೇಸು, ಗಿಟಾರು ಎಲ್ಲವನ್ನೂ ಮಷೀನೇ ಬಾರಿಸತ್ತೆ. ಮನೆಗೆ ಬಂದ ನೆಂಟರು "ಅಬ್ಬಾ, ಪೂರ್ತಿ ಆರ್ಕೆಸ್ಟ್ರಾ!" ಅಂತಾರೆ. ಆ ವಾದ್ಯದ ಶಿಸ್ತೇ ಅದು, ಅದರಲ್ಲಿ ಕೀಳೇನೂ ಇಲ್ಲ.

ಪಿಯಾನೋ ಹಾಳೆಯಲ್ಲಿ ಮಾತ್ರ ಎರಡು ಐದು-ಗೆರೆಗಳು ಮೇಲೆ ಕೆಳಗೆ ಇರುತ್ತವೆ. ಮೇಲಿನದು ಟ್ರೆಬಲ್ ಕ್ಲೆಫ್, ಹೆಚ್ಚಾಗಿ ಬಲಗೈಗೆ. ಕೆಳಗಿನದು ಬೇಸ್ ಕ್ಲೆಫ್, ಹೆಚ್ಚಾಗಿ ಎಡಗೈಗೆ. ಮಿಡಲ್ ಸಿ ಅನ್ನೋ ಸ್ವರ ಎರಡರ ನಡುವಿನ ಖಾಲಿ ಜಾಗದಲ್ಲಿ ಕೂತಿರತ್ತೆ. ತಮಾಷೆ ಏನಂದ್ರೆ, ಮೇಲಿನ ಐದು ಗೆರೆಯಲ್ಲಿ ತೀರಾ ಕೆಳಗಿನ ಗೆರೆ 'ಇ' ಆದರೆ, ಕೆಳಗಿನ ಐದು ಗೆರೆಯಲ್ಲಿ ಅದೇ ಜಾಗ 'ಜಿ'. ಒಂದೇ ಥರ ಕಾಣೋ ಅಕ್ಷರಕ್ಕೆ ಎರಡು ಉಚ್ಚಾರಣೆ. ಇಷ್ಟು ವರ್ಷ ಮೇಲಿನ ಸಾಲನ್ನಷ್ಟೇ ಓದಿದ ಕಣ್ಣಿಗೆ ಕೆಳಗಿನ ಸಾಲು ಪೂರ್ತಿ ಬೇರೆ ಲಿಪಿ.

ಇನ್ನು ಅಸಲಿ ಪಿಯಾನೋ ಕ್ಲಾಸಿಗೇ ಹೋದವರ ಕಥೆ ಏನು ಮಹಾ ಬೇರೆ ಅಲ್ಲ. ಗ್ರೇಡ್ ಪರೀಕ್ಷೆಗೆ ಮೂರು ಹಾಡು, ಜೊತೆಗೆ ಸ್ವಲ್ಪ ಸ್ಕೇಲ್ಸ್. ಪರೀಕ್ಷೆ ವರ್ಷಕ್ಕೊಂದು. ಅಂದರೆ ಮೂರು ಹಾಡನ್ನ ಹನ್ನೆರಡು ತಿಂಗಳು ಬಾರಿಸೋದು. ಮೊದಲನೇ ತಿಂಗಳು ಹಾಳೆ ನೋಡ್ತೀವಿ, ಎರಡನೇ ತಿಂಗಳಿಗೆ ಬೆರಳಿಗೆ ಬಾಯಿಪಾಠ ಆಗಿರತ್ತೆ, ಮಿಕ್ಕ ಹತ್ತು ತಿಂಗಳು ಹಾಳೆ ಎದುರಿಗಿದ್ದರೂ ಕಣ್ಣು ಅದನ್ನ ಓದಲ್ಲ. ಪ್ರೀವಿಯಸ್ ಇಯರ್ ಕ್ವೆಶ್ಚನ್ ಪೇಪರ್ ಬಿಡಿಸಿ ಪಾಸಾಗೋದು ನಮಗೆ ಇಂಜಿನಿಯರಿಂಗಿಗೆ ಬಂದ ಮೇಲೆ ಬಂದ ವಿದ್ಯೆ ಅಲ್ಲ ಸ್ವಾಮಿ, ಅದು ಸ್ಕೂಲಲ್ಲೇ ಬಂದಿತ್ತು.

ಇದರ ಫಲ ಮೂರ್ನಾಲ್ಕು ವರ್ಷದ ಗ್ಯಾಪಿನ ಆಮೇಲೆ ಕಾಣತ್ತೆ. ಕೀಬೋರ್ಡ್ ಆನ್ ಮಾಡಿದ ಕೂಡಲೇ ಬೆರಳು ತಾನಾಗೇ ಓಡತ್ತೆ. ಬೀಥೋವನ್‌ನ 'ಫ್ಯೂರ್ ಎಲೀಸ್'ನ ಮೊದಲ ಒಂಬತ್ತು ಸ್ವರ ಯಾರಿಗೆ ತಾನೇ ಬರಲ್ಲ? ಪಕ್ಕದ ರೂಮಿನವರು ಓಡಿ ಬರ್ತಾರೆ, "ಮಗಾ, ಸೂಪರ್!" ಅಂತಾರೆ. ಒಂದು ಪುಟ ಆದ ಮೇಲೆ ಬೆರಳು ನಿಲ್ಲತ್ತೆ. ಹಾಳೆ ಎದುರಿಗಿದೆ, ಆದರೆ ಅಲ್ಲಿಂದ ಮುಂದೆ ಓದೋಕೆ ಆಗಲ್ಲ. ಬೆರಳಿಗೆ ನೆನಪಿದ್ದದ್ದು ಮೂರು ಹಾಡು. ಓದೋದು ಅನ್ನೋ ವಿದ್ಯೆಯನ್ನ ಯಾರೂ ಅದಕ್ಕೆ ಕೊಟ್ಟೇ ಇರಲಿಲ್ಲ.

ಒತ್ತಕ್ಷರದ ಪಾಠ

ಇದು ನಮಗೆ ಎಲ್ಲೋ ಕೇಳಿದ ಕಥೆ ಅನ್ನಿಸ್ತಾ ಇದ್ದರೆ ಅದಕ್ಕೆ ಕಾರಣ ಇದೆ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನಮ್ಮಲ್ಲಿ ಬಹಳ ಜನಕ್ಕೆ ಕನ್ನಡವೂ ಹೀಗೇ ಬಂದದ್ದು. ಮಾತಾಡೋಕೆ ಏನೂ ತೊಂದರೆ ಇಲ್ಲ. ಬೈಯೋಕಂತೂ ಕನ್ನಡವೇ ಬೇಕು. ಸೆಕೆಂಡ್ ಲ್ಯಾಂಗ್ವೇಜ್ ಕನ್ನಡದಲ್ಲಿ ಮಾರ್ಕ್ಸೂ ಚೆನ್ನಾಗೇ ಬಂದಿದೆ. ಯಾಕಂದ್ರೆ ಸಂದರ್ಭ ಸಹಿತ ವಿವರಿಸಿ, ಸಾರಾಂಶ ಬರೆಯಿರಿ ಎಲ್ಲಕ್ಕೂ ಗೈಡಿನ ಉತ್ತರ ಬಾಯಿಪಾಠ ಇತ್ತು. ಆದರೆ ನೋಡಿರದ ಒಂದು ಕನ್ನಡ ಪುಟ ಕೈಗೆ ಕೊಟ್ಟು ಗಟ್ಟಿಯಾಗಿ ಓದು ಅಂದರೆ 'ಸ್ವಾತಂತ್ರ್ಯ', 'ವೈಶಿಷ್ಟ್ಯ'ಗಳ ಹತ್ತಿರ ಹಂಪ್ ಬಂದ ಹಾಗೆ ಸ್ಪೀಡು ಇಳಿಯತ್ತೆ. ನಾಲಿಗೆಗೆ ಆ ಪದ ಗೊತ್ತು, ಕಣ್ಣಿಗೆ ಅದರ ಆಕಾರ ಗೊತ್ತಿಲ್ಲ.

ಪಿಯಾನೋ ಹಾಳೆಯಲ್ಲಿ ಕಾರ್ಡ್ ಅನ್ನೋದು ಹೆಚ್ಚುಕಮ್ಮಿ ಒತ್ತಕ್ಷರವೇ. ಒಂದರ ಕೆಳಗೊಂದು ಮೂರು ಚುಕ್ಕಿ, ಮೂರೂ ಒಟ್ಟಿಗೆ ನುಡೀಬೇಕು. ಚೆನ್ನಾಗಿ ಓದೋರು ಮೂರು ಚುಕ್ಕಿಯನ್ನ ಬೇರೆ ಬೇರೆಯಾಗಿ ಎಣಿಸಲ್ಲ. 'ಷ್ಟ್ರ'ವನ್ನ ನಾವು ಒಂದೇ ಆಕಾರವಾಗಿ ನೋಡೋ ಹಾಗೆ, ಅವರು ಕಾರ್ಡನ್ನ ಒಂದೇ ಆಕಾರವಾಗಿ ನೋಡ್ತಾರೆ. ಗೆರೆ, ಗೆರೆ, ಗೆರೆ ಅಂತ ಒಂದರ ಮೇಲೊಂದು ಇದ್ದರೆ ಅದೊಂದು ಗುಂಪು. ನಡುವೆ ದೂರ ಹೆಚ್ಚಾದರೆ ಇನ್ನೊಂದು ಗುಂಪು.

ಹಾಗೇ ಇನ್ನೊಂದು ವಿಷಯ. ಗೆರೆಗಳ ಹೆಸರು ನೆನಪಿಡೋಕೆ ಮಕ್ಕಳಿಗೆ ಒಂದು ಇಂಗ್ಲಿಷ್ ವಾಕ್ಯ ಹೇಳಿಕೊಡ್ತಾರೆ, ಪ್ರತಿ ಪದದ ಮೊದಲ ಅಕ್ಷರ ಒಂದು ಗೆರೆಯ ಹೆಸರು. ಪರೀಕ್ಷೆಗೆ ಅದು ಸಾಕು. ಬಾರಿಸೋಕೆ ಸಾಲದು. 'ಮ' ಓದೋಕೆ ಯಾರಾದ್ರೂ ಅ ಆ ಇ ಈ ಇಂದ ಶುರು ಮಾಡಿ ಎಣಿಸ್ತಾ ಬರ್ತಾರಾ? ಅದರ ಬದಲು ಮೂರು ಮೈಲಿಗಲ್ಲು ಗಟ್ಟಿ ಮಾಡ್ಕೊಳ್ಳಿ. ನಡುವಿನ ಮಿಡಲ್ ಸಿ. ಟ್ರೆಬಲ್ ಕ್ಲೆಫಿನ ಸುರುಳಿ ಸುತ್ತಿಕೊಳ್ಳೋ ಗೆರೆ, ಅದು ಜಿ. ಬೇಸ್ ಕ್ಲೆಫಿನ ಎರಡು ಚುಕ್ಕಿಗಳ ನಡುವಿನ ಗೆರೆ, ಅದು ಎಫ್. ಮಿಕ್ಕ ಸ್ವರಗಳನ್ನ ಇವುಗಳಿಂದ ಎಷ್ಟು ದೂರ ಅಂತ ನೋಡಿ ಓದೋದು. ಬಸ್ಸಲ್ಲಿ ಹೋಗೋವಾಗ ನಮಗೆ ಪ್ರತಿ ಸ್ಟಾಪಿನ ನಂಬರ್ ಗೊತ್ತಿರಲ್ಲ, "ಮೆಜೆಸ್ಟಿಕ್ ಆದ್ಮೇಲೆ ಎರಡನೇದು" ಅಂತಲೇ ಇಳೀತೀವಿ.

ಯಾವ ಪುಸ್ತಕದಲ್ಲಿ ಏನಿದೆ

ಈಗ ಪುಸ್ತಕಗಳಿಗೆ ಬರೋಣ. ನಮ್ಮ ಮಾನದಂಡ ಒಂದೇ: ಇದು ಎಡಗೈಗೆ ಓದೋಕೆ ಕಲಿಸತ್ತಾ?

ಮೊದಲನೇದು, ವಯಸ್ಕರಿಗೆ ಅಂತಲೇ ಬರೆದ ಆಲ್ಫ್ರೆಡ್ ಕಂಪನಿಯ ಆಲ್-ಇನ್-ಒನ್ ಕೋರ್ಸ್. ಪಾಮರ್, ಮ್ಯಾನಸ್, ಲೆಥ್ಕೊ ಅನ್ನೋ ಮೂವರು ಸೇರಿ ಬರೆದದ್ದು. ಪಾಠ, ಥಿಯರಿ, ಅಭ್ಯಾಸ ಎಲ್ಲ ಒಂದೇ ಪುಸ್ತಕದಲ್ಲಿ. ಪ್ರತಿಯೊಂದನ್ನೂ ಬಿಡಿಸಿ ಹೇಳೋದರಿಂದ ಮೇಷ್ಟ್ರಿಲ್ಲದವರಿಗೆ ಒಳ್ಳೇದು. ಎಡಗೈಗೆ ಬೇಗನೇ ಕಾರ್ಡ್ ಕೊಡತ್ತೆ, ಹಾಗಾಗಿ ಕೆಲವೇ ವಾರದಲ್ಲಿ ಹಾಡು ಹಾಡಿನ ಥರ ಕೇಳಿಸತ್ತೆ. ಇದರ ಅಪಾಯ ಒಂದಿದೆ. ಕೈಯನ್ನ ಒಂದು ಜಾಗದಲ್ಲಿ ಇಟ್ಟರೆ ಐದು ಬೆರಳಿಗೆ ಐದು ಸ್ವರ, ಅದಕ್ಕೆ 'ಸಿ ಪೊಸಿಷನ್', 'ಜಿ ಪೊಸಿಷನ್' ಅಂತ ಹೆಸರು. ಸ್ವರದ ಪಕ್ಕದಲ್ಲಿ ಬೆರಳಿನ ನಂಬರ್ ಇರತ್ತೆ, ಹೆಬ್ಬೆರಳು 1, ಕಿರುಬೆರಳು 5. ನಮ್ಮಂಥ ಶಾರ್ಟ್‌ಕಟ್ ಪ್ರಿಯರು ಸ್ವರ ಬಿಟ್ಟು ನಂಬರನ್ನೇ ಓದ್ತೀವಿ. ಪುಸ್ತಕ ಮುಗಿದಿರತ್ತೆ, ಓದೋಕೆ ಬಂದಿರಲ್ಲ. ಪರಿಹಾರ ಸುಲಭ: ಕೈ ಸ್ಥಳ ಬದಲಾಯಿಸೋ ಕಡೆ ಇರೋ ನಂಬರ್ ಬಿಟ್ಟು ಮಿಕ್ಕಿದ್ದನ್ನ ಪೆನ್ಸಿಲಲ್ಲಿ ಮುಚ್ಚಿಬಿಡಿ.

ಎರಡನೇದು, ನ್ಯಾನ್ಸಿ ಮತ್ತು ರಾಂಡಲ್ ಫೇಬರ್ ದಂಪತಿಯ ಅಡಲ್ಟ್ ಪಿಯಾನೋ ಅಡ್ವೆಂಚರ್ಸ್. ಇದೂ ಆಲ್-ಇನ್-ಒನ್. ಇದು ಸ್ವರದಿಂದ ಸ್ವರಕ್ಕೆ ಇರೋ ದೂರವನ್ನ ನೋಡೋಕೆ ಕಲಿಸತ್ತೆ. ಗೆರೆಯಿಂದ ಪಕ್ಕದ ಜಾಗಕ್ಕೆ ಹೋದರೆ ಸ್ಟೆಪ್, ಗೆರೆಯಿಂದ ಮುಂದಿನ ಗೆರೆಗೆ ಹಾರಿದರೆ ಸ್ಕಿಪ್. ಮೈಲಿಗಲ್ಲು ಹಿಡಿದು ಓದೋ ಕ್ರಮಕ್ಕೆ ಇದು ಹತ್ತಿರ. ಥರ್ಡ್ ಗ್ರೇಡ್ ಬೆರಳಿರೋರಿಗೆ ಶುರುವಿನ ಪುಟಗಳು "ಇದೇನು ಮಕ್ಕಳಾಟ" ಅನ್ನಿಸಬಹುದು. ಅನ್ನಿಸಲಿ. ಆ ಪುಟಗಳು ಬೆರಳಿಗಲ್ಲ, ಕಣ್ಣಿಗೆ.

ಮೂರನೇದು, ಹಳೇ ಅಂಗಡಿಗಳಲ್ಲಿ, ಸೀನಿಯರುಗಳ ಪೆಟ್ಟಿಗೆಯಲ್ಲಿ ಸಿಗೋ ಜಾನ್ ಥಾಂಪ್ಸನ್. ಎರಡೂ ಹೆಬ್ಬೆರಳನ್ನ ಮಿಡಲ್ ಸಿ ಮೇಲಿಟ್ಟು ಬಲಗೈ ಮೇಲಕ್ಕೆ, ಎಡಗೈ ಕೆಳಕ್ಕೆ ಹರಡಿಕೊಳ್ಳೋ ಕ್ರಮ. ಮೊದಲಿಂದಲೇ ಎರಡೂ ಕ್ಲೆಫ್ ಇರತ್ತೆ, ಅದು ಪ್ಲಸ್ ಪಾಯಿಂಟ್. ಆದರೆ ಶುರುವಿನ ಪುಸ್ತಕಗಳು ಪುಟ್ಟ ಮಕ್ಕಳಿಗೆ ಬರೆದವು, ಚಿತ್ರಗಳೂ ಹಾಡುಗಳೂ ಹಾಗೇ ಇವೆ. ಪುಕ್ಕಟೆ ಸಿಕ್ಕಿದರೆ ಬಿಡಬೇಡಿ, ದುಡ್ಡು ಕೊಡೋದಾದರೆ ಮೊದಲ ಎರಡು ನೋಡಿ.

ನಾಲ್ಕನೇದು ಬೇಯರ್. ಫರ್ಡಿನಾಂಡ್ ಬೇಯರ್ 19ನೇ ಶತಮಾನದ ಜರ್ಮನ್ನರು. ಅವರ ಓಪಸ್ 101ರಲ್ಲಿ 106 ಅಭ್ಯಾಸಗಳಿವೆ, ಜಪಾನು ಕೊರಿಯಾಗಳಲ್ಲಿ ತಲೆಮಾರುಗಳು ಇದರಿಂದಲೇ ಕಲಿತಿವೆ. ಕಾಪಿರೈಟ್ ಮುಗಿದ ಪುಸ್ತಕ, ಕಾನೂನಾಗಿಯೇ ಬಿಟ್ಟಿ ಸಿಗತ್ತೆ. ಆದರೆ ನಮ್ಮ ಕಾಯಿಲೆಗೆ ಇದು ಮದ್ದಲ್ಲ. ಯಾಕಂದ್ರೆ ಶುರುವಿನಿಂದ ಬಹಳ ದೂರದ ತನಕ ಎರಡೂ ಕೈಗೆ ಟ್ರೆಬಲ್ ಕ್ಲೆಫನ್ನೇ ಬಳಸತ್ತೆ, ಬೇಸ್ ಕ್ಲೆಫ್ ಬರೋದು ತೀರಾ ತಡವಾಗಿ. ನಮಗೆ ಎಲ್ಲಿ ಹಸಿವೋ ಅಲ್ಲೇ ಇದು ಉಪವಾಸ ಹಾಕತ್ತೆ.

ಐದನೇದು ಹಾನನ್. 1873ರ 60 ವ್ಯಾಯಾಮಗಳ ಈ ಪುಸ್ತಕವನ್ನ ಇಂಟರ್ನೆಟ್ಟಿನಲ್ಲಿ ಎಲ್ಲರೂ ಎಲ್ಲರಿಗೂ ಹೇಳ್ತಾರೆ. ಇದು ಮೆಥಡ್ ಪುಸ್ತಕವೇ ಅಲ್ಲ, ಬೆರಳಿನ ಜಿಮ್ಮು. ಮೊದಲ ಬಾರಿನ ಪ್ಯಾಟರ್ನ್ ಗೊತ್ತಾದರೆ ಅದನ್ನೇ ಒಂದೊಂದು ಮನೆ ಮೇಲಕ್ಕೆ ಜರುಗಿಸ್ತಾ ಹೋಗೋದು, ಲೂಪ್ ಬರೆದ ಹಾಗೆ. ಓದೋಕೆ ಏನೂ ಇರಲ್ಲ. ಬೆರಳು ಮುಂದೆ, ಕಣ್ಣು ಹಿಂದೆ ಇರೋ ನಾವು ಬೆರಳನ್ನೇ ಇನ್ನೂ ಜಿಮ್ಮಿಗೆ ಕಳಿಸಿದರೆ ಅಂತರ ಹೆಚ್ಚಾಗತ್ತೆ ಅಷ್ಟೇ. ಒಂದು ವರ್ಷ ಬಿಟ್ಟು ನೋಡೋಣ.

ಕೊನೇದು ನಮಗೆ ಅತಿ ಇಷ್ಟವಾದದ್ದು. ಹಂಗೇರಿಯ ಸಂಯೋಜಕ ಬೇಲಾ ಬಾರ್ಟೋಕ್ ಬರೆದ ಮೈಕ್ರೊಕಾಸ್ಮೋಸ್. 1926ರಿಂದ 1939ರ ತನಕ ಬರೆದ 153 ತುಣುಕುಗಳು, 6 ಸಂಪುಟ. ಮೊದಲೆರಡು ಸಂಪುಟವನ್ನ ತಮ್ಮ ಮಗ ಪೇಟರ್‌ಗೆ ಅರ್ಪಿಸಿದ್ದಾರೆ. ಮೊದಲ ಸಂಪುಟದ ಮೊದಲ ಆರು ತುಣುಕಿನಲ್ಲಿ ಎರಡೂ ಕೈ ಒಂದೇ ರಾಗವನ್ನ ಒಟ್ಟಿಗೆ ಬಾರಿಸುತ್ತವೆ, ಬಲಗೈ ಮೇಲಿನ ಸಾಲಿನಲ್ಲಿ, ಎಡಗೈ ಕೆಳಗಿನ ಸಾಲಿನಲ್ಲಿ. ಅಂದರೆ ಗೊತ್ತಿರೋ ಲಿಪಿಯಲ್ಲಿ ಒಂದು ಸಾಲು, ಗೊತ್ತಿಲ್ಲದ ಲಿಪಿಯಲ್ಲಿ ಅದೇ ಸಾಲು. ಬಲಗೈ ಎಡಗೈಗೆ ಟ್ಯೂಷನ್ ಹೇಳಿದ ಹಾಗೆ. ಆಮೇಲೆ ಮೆಲ್ಲಗೆ ಎಡಗೈ ತನ್ನ ದಾರಿ ತಾನು ಹಿಡಿಯತ್ತೆ. ತೊಂದರೆ ಅಂದ್ರೆ ರಾಗಗಳು ಕಿವಿಗೆ ಸ್ವಲ್ಪ ವಿಚಿತ್ರ, ಹಾಸ್ಟೆಲ್ ಡೇಗೆ ಬಾರಿಸೋ ಥರದ್ದಲ್ಲ. ಆದರೆ ಆ ವಿಚಿತ್ರವೇ ಲಾಭ. ಮುಂದಿನ ಸ್ವರ ಯಾವುದು ಅಂತ ಗೆಸ್ ಮಾಡೋಕೆ ಆಗಲ್ಲ, ಓದಲೇಬೇಕು.

ಹಾಗಾದರೆ ನಮ್ಮ ತೀರ್ಪು: ಮುಖ್ಯ ಪುಸ್ತಕವಾಗಿ ಆಲ್ಫ್ರೆಡ್ ಅಥವಾ ಫೇಬರ್, ಎರಡರಲ್ಲಿ ಯಾವುದಾದರೂ ಒಂದು. ಜೊತೆಗೆ ದಿನಕ್ಕೆ ಒಂದು ತುಣುಕು ಮೈಕ್ರೊಕಾಸ್ಮೋಸ್ ಮೊದಲ ಸಂಪುಟದಿಂದ. ಎರಡರಲ್ಲಿ ಯಾವುದು ಬೆಸ್ಟು ಅಂತ ಮೂರು ವಾರ ರಿವ್ಯೂ ನೋಡೋದು ಬೇಡ. ಆ ಮೂರು ವಾರದಲ್ಲಿ ಎರಡರಲ್ಲಿ ಯಾವುದರಲ್ಲಾದರೂ ಮೂವತ್ತು ಪುಟ ಆಗಿರತ್ತೆ.

ಯಾವ ಪುಟದಿಂದ?

ಪುಸ್ತಕ ಸಿಕ್ಕಿತು. ಮೊದಲ ಪುಟದಿಂದಲೇ ಶುರು ಮಾಡಬೇಕಾ? ನಾವು ಮಾಡಿ ನೋಡಿದ ಒಂದು ಟೆಸ್ಟ್ ಇದೆ. ಪುಸ್ತಕದ ಮಧ್ಯದ ಯಾವುದೋ ಗೊತ್ತಿಲ್ಲದ ಹಾಡು ತೆಗೀರಿ. ಮೆಟ್ರೊನೋಮ್ 60ಕ್ಕೆ ಇಡಿ. ಎರಡೂ ಕೈ ಸೇರಿಸಿ ಎಂಟು ಬಾರ್ ಬಾರಿಸಿ. ಒಂದೇ ರೂಲ್: ನಿಲ್ಲಬಾರದು, ಹಿಂದಕ್ಕೆ ಹೋಗಬಾರದು. ತಪ್ಪಿದರೆ ತಪ್ಪಲಿ, ಬೀಟ್ ತಪ್ಪಬಾರದು. ಎಂಟು ಬಾರಿನಲ್ಲಿ ಮೂರಕ್ಕಿಂತ ಹೆಚ್ಚು ಕಡೆ ಕೈ ನಿಂತರೆ ಹತ್ತು ಪುಟ ಹಿಂದಕ್ಕೆ ಹೋಗಿ ಇನ್ನೊಂದು ಹಾಡು. ಸಲೀಸಾಗಿ ಸಾಗೋ ಪುಟ ಸಿಗೋ ತನಕ ಹೀಗೇ. ಬೈನರಿ ಸರ್ಚ್ ಅಂದ್ಕೊಳ್ಳಿ. ಆ ಪುಟ ನಾವು ಅಂದ್ಕೊಂಡದ್ದಕ್ಕಿಂತ ತುಂಬಾ ಹಿಂದೆ ಇರತ್ತೆ. ಅಲ್ಲಿಂದ ಶುರು.

ಇದು ಅವಮಾನ ಅನ್ನಿಸೋರಿಗೆ ನಮ್ಮದೇ ಸಂಗೀತದಿಂದ ಒಂದು ಮಾತು. ಕರ್ನಾಟಕ ಸಂಗೀತದ ಪಾಠಕ್ರಮವೂ ಒಂದು ಮೆಥಡ್ ಪುಸ್ತಕವೇ. ಅದನ್ನ ರೂಪಿಸಿದ್ದು ಪುರಂದರದಾಸರು ಅನ್ನೋದು ಪರಂಪರೆಯ ನಂಬಿಕೆ. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಆಮೇಲೆ ಜಂಟಿ ವರಸೆ, ಅಲಂಕಾರ, ಗೀತೆ. ಐದು ವರ್ಷ ಬಿಟ್ಟು ಪಾಠಕ್ಕೆ ವಾಪಸ್ ಹೋದ ಯಾರನ್ನಾದರೂ ಕೇಳಿ ನೋಡಿ. ವರ್ಣದ ತನಕ ಕಲಿತಿದ್ದರೂ ಮೇಷ್ಟ್ರು ಮೊದಲು ಹೇಳೋದು "ಎಲ್ಲಿ, ಸರಳೆ ಮೂರು ಕಾಲದಲ್ಲಿ ಹಾಡು" ಅಂತಲೇ. ಅದನ್ನ ಯಾರೂ ಡಿಮೋಷನ್ ಅಂದ್ಕೊಳ್ಳಲ್ಲ. ಸರಳೆಗೆ ವಾಪಸ್ ಹೋಗೋದು ಅಲ್ಲಿ ಮಾಮೂಲು. ಗ್ರೇಡ್ ಸರ್ಟಿಫಿಕೇಟ್ ಗೋಡೆಗೆ ಹಾಕಿಸಿಕೊಂಡ ನಮಗೆ ಮಾತ್ರ ಕಷ್ಟ. ಗೋಡೆಯ ಮೇಲೆ 3 ಇದೆ, ಪುಸ್ತಕದ ಮೇಲೆ 1 ಇದೆ, ಈಗೋಗೆ ಏಟು ಬೀಳತ್ತೆ.

ಎದುರು ವಾದಗಳು

"ಯೂಟ್ಯೂಬ್ ಇದೆಯಲ್ಲ ಗುರು, ಪುಸ್ತಕ ಯಾಕೆ?" ಇದು ನಮಗೆ ಹೆಚ್ಚು ಬಂದ ಪ್ರಶ್ನೆ. ಮೇಲಿಂದ ಬಣ್ಣದ ಪಟ್ಟಿಗಳು ಬೀಳ್ತಾ ಇರುತ್ತವೆ, ಬಿದ್ದ ಜಾಗದ ಕೀ ಒತ್ತೋದು. ಒಂದು ಸಂಜೆಗೆ ಒಂದು ಹಾಡು ಬರೋದೂ ನಿಜ. ಆದರೆ ಮುಂದಿನ ಹಾಡಿಗೆ ಮತ್ತೆ ಸೊನ್ನೆಯಿಂದ ಶುರು. ಹತ್ತು ಹಾಡು ಬಂದರೂ ಹನ್ನೊಂದನೇದು ಮೊದಲನೇದರಷ್ಟೇ ಕಷ್ಟ. ಓದೋಕೆ ಬಂದರೆ ಹಾಗಲ್ಲ, ಪ್ರತಿ ಹಾಡು ಮುಂದಿನ ಹಾಡನ್ನ ಸ್ವಲ್ಪ ಸುಲಭ ಮಾಡತ್ತೆ. ಮತ್ತೆ, ಯಾರೋ ವಿಡಿಯೋ ಮಾಡಿ ಹಾಕಿದ್ದನ್ನ ಮಾತ್ರ ಬಾರಿಸೋದು ಬೇರೆ, ನಮಗೆ ಬೇಕಾದ್ದನ್ನ ತೆಗೆದು ಬಾರಿಸೋದು ಬೇರೆ.

"ಕಿವಿಯಲ್ಲಿ ಕೇಳಿ ಬಾರಿಸೋರು ಎಷ್ಟು ಜನ ಇಲ್ಲ?" ಇದಾರೆ, ಅವರಿಗೆ ನಮಸ್ಕಾರ. ಕಿವಿಯ ವಿದ್ಯೆ ಓದೋ ವಿದ್ಯೆಗೆ ಶತ್ರು ಅಲ್ಲ. ಓದೋಕೆ ಬಂದ ಮಾತ್ರಕ್ಕೆ ಮಾತಾಡೋದು ಮರೆಯಲ್ಲವಲ್ಲ. ರಾತ್ರಿ ಹದಿನೈದು ನಿಮಿಷ ಪುಸ್ತಕ, ಆಮೇಲೆ ಐದು ನಿಮಿಷ ಇಷ್ಟದ ಹಾಡನ್ನ ಕಿವಿಯಲ್ಲಿ ಹುಡುಕೋದು. ಎರಡೂ ಇರಲಿ.

"ಮೇಷ್ಟ್ರಿಲ್ಲದೆ ಸಂಗೀತ ಬರತ್ತಾ?" ಇದು ಮಾತ್ರ ಗಟ್ಟಿ ಪ್ರಶ್ನೆ. ಪುಸ್ತಕಕ್ಕೆ ನಮ್ಮ ಕೈ ಕಾಣಲ್ಲ. ಮಣಿಕಟ್ಟು ಕುಸಿದಿದೆಯಾ, ಭುಜ ಬಿಗಿಯಾಗಿದೆಯಾ ಅಂತ ಅದು ಹೇಳಲ್ಲ. ವಾರಕ್ಕೊಮ್ಮೆ ಫೋನನ್ನ ಪಕ್ಕದಲ್ಲಿಟ್ಟು ಕೈಯ ವಿಡಿಯೋ ಮಾಡಿ ನೋಡಿ. ಹೊರಗಿನಿಂದ ನೋಡಿದಾಗ ಎಷ್ಟೋ ಗೊತ್ತಾಗತ್ತೆ. ಕೈ ನೋವು ಬಂದರೆ ತಕ್ಷಣ ನಿಲ್ಲಿಸಬೇಕು, ಹಟ ಮಾಡಿ ಮುಂದುವರಿಸೋದು ಸಾಧನೆ ಅಲ್ಲ. ಸೆಮಿಸ್ಟರಿಗೆ ಎರಡು ಸಲವಾದರೂ ಗೊತ್ತಿರೋರಿಗೆ ತೋರಿಸೋಕೆ ಆದರೆ ಬಹಳ ಒಳ್ಳೇದು. ಆದರೆ ಪೂರ್ತಿ ಮೇಷ್ಟ್ರು ಸಿಗೋ ತನಕ ಶುರುವೇ ಮಾಡಲ್ಲ ಅನ್ನೋದು, ಹೊಳೆ ಬತ್ತಿದ ಮೇಲೆ ದಾಟ್ತೀನಿ ಅಂದ ಹಾಗೆ.

"ಪಿಯಾನೋ ನಮ್ಮದಲ್ಲ, ಅದು ಇಂಗ್ಲಿಷ್ ಮೀಡಿಯಮ್ಮಿನ ಶೋಕಿ." ಕನ್ನಡ ಸಂಘದ ಪತ್ರಿಕೆಯಲ್ಲಿ ಈ ಮಾತು ಬಂದೇ ಬರತ್ತೆ, ಮುಂಚೇನೇ ಉತ್ತರ ಕೊಡ್ತೀವಿ. ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜ ಒಡೆಯರ್ ಪಿಯಾನೋವನ್ನ ಗಂಭೀರವಾಗಿ ಕಲಿತವರು. 1940ರಲ್ಲಿ, 21ನೇ ವಯಸ್ಸಿಗೆ, ಅಂದರೆ ಹೆಚ್ಚುಕಮ್ಮಿ ನಮ್ಮ ವಯಸ್ಸಿಗೆ, ಪಟ್ಟಕ್ಕೆ ಬರಬೇಕಾಯ್ತು, ಪಿಯಾನಿಸ್ಟ್ ಆಗೋ ದಾರಿ ಅಲ್ಲಿಗೆ ಮುಚ್ಚಿತು. ಆದರೂ ಲಂಡನ್ನಿನಲ್ಲಿದ್ದ ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಸಂಗೀತವನ್ನ ರೆಕಾರ್ಡ್ ಮಾಡಿಸೋಕೆ ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಚರ್ಟೋವನ್ನ ಮೈಸೂರಿನ ಮಹಾರಾಜರಿಗೇ ಅರ್ಪಿಸಿದರು. ಇದೇ ಮಹಾರಾಜರು ಕರ್ನಾಟಕ ಸಂಗೀತದಲ್ಲಿ 90ಕ್ಕೂ ಹೆಚ್ಚು ಕೃತಿಗಳನ್ನೂ ರಚಿಸಿದರು. ಒಂದು ಬಂದರೆ ಇನ್ನೊಂದು ಹೋಗಬೇಕು ಅನ್ನೋ ಲೆಕ್ಕ ಅವರಿಗಿರಲಿಲ್ಲ. ನಮಗ್ಯಾಕೆ?

ಮಾರ್ಕ್ಸಿಲ್ಲದ ಒಂದು ಸಬ್ಜೆಕ್ಟು

ಲೆಕ್ಕ ಹಾಕೋಣ, ನಮ್ಮ ಕಸುಬೇ ಅದು. ದಿನಕ್ಕೆ 20 ನಿಮಿಷ, ವಾರಕ್ಕೆ 5 ದಿನ, 100 ನಿಮಿಷ. ಒಂದು ಲ್ಯಾಬಿಗಿಂತ ಕಡಿಮೆ. ಸೆಮಿಸ್ಟರಿಗೆ 16 ವಾರ ಅಂದ್ಕೊಂಡರೆ 1600 ನಿಮಿಷ, 26 ಗಂಟೆ ಚಿಲ್ಲರೆ. ಇಂಟರ್ನಲ್ಸ್ ವಾರಗಳನ್ನ ಕಳೆದರೂ 20 ಗಂಟೆ ಉಳಿಯತ್ತೆ. ಹೆಡ್‌ಫೋನ್ ಹಾಕಿದರೆ ರೂಮ್‌ಮೇಟಿನ ನಿದ್ದೆಗೂ ಭಂಗ ಇಲ್ಲ, ಬರೀ ಕೀ ಒತ್ತೋ ಟಕಟಕ ಅಷ್ಟೇ. 61 ಕೀ ಸಾಕಾ ಅಂದರೆ, ಮೊದಲ ಪುಸ್ತಕಕ್ಕೆ ಸಾಕು. 88 ಕೀಗಳ ಭಾರದ ಪಿಯಾನೋ ಕೊಂಡ ಮೇಲೆ ಶುರು ಮಾಡ್ತೀನಿ ಅನ್ನೋದು, ಜಿಮ್ ಶೂ ಬಂದ ಮೇಲೆ ವಾಕಿಂಗ್ ಹೋಗ್ತೀನಿ ಅನ್ನೋ ಜಾತಿಗೇ ಸೇರಿದ್ದು.

ಆದರೆ ಈ 20 ಗಂಟೆ ಯಾಕೆ ಕಷ್ಟ ಅಂದರೆ, ಅದಕ್ಕೆ ಕ್ರೆಡಿಟ್ ಇಲ್ಲ. ರೆಸ್ಯೂಮಿನಲ್ಲಿ ಬರೆಯೋ ಹಾಗಿಲ್ಲ, ರೀಲ್ ಮಾಡೋ ಹಾಗೂ ಇಲ್ಲ. ಮೆಥಡ್ ಪುಸ್ತಕದ ಇಪ್ಪತ್ತನೇ ಪುಟ ಬಾರಿಸೋದನ್ನ ಯಾರು ನೋಡ್ತಾರೆ? ನಾಲ್ಕನೇ ಕ್ಲಾಸಿನಿಂದ ನಾವು ಮಾಡಿದ್ದಕ್ಕೆಲ್ಲ ಒಂದು ನಂಬರ್ ಬಂದಿದೆ. ನಂಬರ್ ಬರದ ಕೆಲಸವನ್ನ ನಿಧಾನವಾಗಿ, ಕೆಟ್ಟದಾಗಿ, ಬಾಗಿಲು ಹಾಕಿಕೊಂಡು, ಆದರೂ ದಿನಾ ಮಾಡೋದು ಹೇಗೆ ಅಂತ ನಮಗೆ ಯಾವ ಸಿಲೆಬಸ್ಸೂ ಹೇಳಿಲ್ಲ. ಮುಂದಿನ ಗ್ರೇಡಿನ ಪುಸ್ತಕ ಆಕರ್ಷಕವಾಗಿ ಕಾಣೋದೇ ಅದಕ್ಕೆ. ಅದರ ಕೊನೆಯಲ್ಲಿ ಒಂದು ಪರೀಕ್ಷೆ ಇದೆ. ಶುರುವಿನ ಪುಸ್ತಕದ ಕೊನೆಯಲ್ಲಿ ಇರೋದು ಏನಂದ್ರೆ, ಓದೋಕೆ ಬರೋ ಎರಡು ಕೈ. ಆ ಕೈಗೆ ಲೈಬ್ರರಿಯ ಯಾವ ಹಾಳೆ ಕೊಟ್ಟರೂ, ನಿಧಾನವಾಗಿಯಾದರೂ, ಯಾರನ್ನೂ ಕೇಳದೆ ಬಾರಿಸತ್ತೆ.

ನಮ್ಮ ಕಾಲೇಜಿಗೂ ಇಲ್ಲಿ ಒಂದು ಮಾತು. ಕಲ್ಚರಲ್ ರೂಮಿನಲ್ಲಿರೋ ಕೀಬೋರ್ಡು ಫೆಸ್ಟಿನ ವಾರ ಮಾತ್ರ ಕವರಿನಿಂದ ಹೊರಗೆ ಬರತ್ತೆ, ಅದೂ ಸೆಲೆಕ್ಟ್ ಆದವರಿಗೆ. ವಾರದ ದಿನ ಸಂಜೆ ಐದರಿಂದ ಏಳು ಆ ರೂಮು ತೆಗೆದಿರಲಿ. ಪಕ್ಕದಲ್ಲಿ ಒಂದು ಮೆಥಡ್ ಪುಸ್ತಕ, ಒಂದು ರಿಜಿಸ್ಟರು ಇರಲಿ. ಹೆಸರು ಬರೆದು ಇಪ್ಪತ್ತು ನಿಮಿಷ ಯಾರು ಬೇಕಾದರೂ ಕೂರಲಿ. ಆಡಿಷನ್ ಬೇಡ, ಬಹುಮಾನ ಬೇಡ, ಮುಖ್ಯ ಅತಿಥಿಗಳೂ ಬೇಡ. ಇದೇ ಸಂಘದಲ್ಲಿ ಶುಕ್ರವಾರ ಒಂದು ಕನ್ನಡ ಕಥೆಯನ್ನ ಸರದಿಯಲ್ಲಿ ಗಟ್ಟಿಯಾಗಿ ಓದೋ ಪದ್ಧತಿ ಶುರುವಾದರೂ ನಾವು ಬರ್ತೀವಿ, ಒತ್ತಕ್ಷರದ ಹತ್ತಿರ ನಿಂತರೂ ಪರವಾಗಿಲ್ಲ ಅನ್ನೋ ಷರತ್ತಿನ ಮೇಲೆ.

ಅಟ್ಟದ ಮೇಲೆ ಕೀಬೋರ್ಡ್ ಇರೋರು ಈ ಸಲ ಊರಿಗೆ ಹೋದಾಗ ತಗೊಂಡು ಬನ್ನಿ. ಅಡಾಪ್ಟರ್ ಮರೀಬೇಡಿ, ಎಲ್ಲರೂ ಮರೆಯೋದು ಅದನ್ನೇ. ಪುಸ್ತಕ ಒಂದೇ ಇರಲಿ, ಪೆನ್ಸಿಲ್ ಜೊತೆಗಿರಲಿ. ಮತ್ತೆ ಶುರುವಿನ ಒಂದು ವಾರ ಬಲಗೈ ಮಡಿಲಲ್ಲಿ ಸುಮ್ಮನೆ ಕೂತಿರಲಿ. ಅದಕ್ಕೆ ಗೊತ್ತಿರೋದು ಬಹಳ ಆಯ್ತು, ಈಗ ಎಡಗೈಯ ಸರದಿ.